ತೋರಿಸಿದ್ದು ರುದ್ರಪ್ಪನವರ ತೋಟ

ಗಿರಿಜಾ, ನಿನ್ನ ಮಾವನವರಿಗೆ ಮರೆವಿಲ್ಲ. ಅದು ನಾನು, ನಿನ್ನ ಅಣ್ಣನೇ, ಹುಟ್ಟಿಸಿದ ಸುಳ್ಳು.

ಮದುವೆಯ ಮಾತುಕತೆಗೆಂದು ಅವರು ಹಿರಿಯೂರಿನಿಂದ ಹೊಸದುರ್ಗಕ್ಕೆ ಬಂದಿದ್ದ ದಿನ. ನಿನ್ನನ್ನು ಒಪ್ಪಿ ಆಗಿತ್ತು. ಊಟವಾದ ಮೇಲೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಲದ ಕಡೆ ಹೊರಟೆ. ನಮ್ಮ ರಾಗಿ ಹೊಲ ತೋರಿಸಲು ಏನೋ ಸಂಕೋಚ. ಪಕ್ಕದ ರುದ್ರಪ್ಪನವರ ತೆಂಗಿನ ತೋಟದ ಮುಂದೆ ನಿಲ್ಲಿಸಿ, "ಇದು ನಮ್ದೇ ರೀ" ಎಂದುಬಿಟ್ಟೆ. ಅವರೇನೂ ಕೇಳಿರಲಿಲ್ಲ.

"ಚೆನ್ನಾಗೈತೆ ಬೀಗ್ರೆ" ಎಂದು ತಲೆಯೆತ್ತಿ ಮರಗಳನ್ನು ನೋಡಿದರು. ಆಮೇಲೆ ನನ್ನನ್ನೂ ಹಾಗೆಯೇ ನೋಡಿದರು. ಆ ಒಂದು ನೋಟಕ್ಕಾಗಿ —

ನೀನು ಬಸುರಿಯಾದಾಗ ಅವರು ಏನೋ ಕೆಲಸಕ್ಕೆ ನಮ್ಮೂರಿಗೆ ಬಂದವರು, ನಿನಗೆ ತವರಿನ ಎಳನೀರು ಒಯ್ಯೋಣವೆಂದು ನೇರ ಆ ತೋಟಕ್ಕೆ ಹೋಗಿದ್ದಾರೆ. ಕಾಯಿ ಕೆಡವುತ್ತಿದ್ದ ಆಳಿಗೆ ನಾಲ್ಕು ಎಳನೀರು ಇಳಿಸಲು ಹೇಳಿದ್ದಾರೆ. ಅಷ್ಟರಲ್ಲಿ ರುದ್ರಪ್ಪ ಬಂದರು. "ಕದಿಯಾಕೆ ಬಿಳೀ ಪಂಚೆ ಉಟ್ಕಂಡ್ ಬಂದೀಯೇನಯ್ಯ" ಎಂದು ಆಳುಗಳೆದುರಿಗೇ ಬೈದರಂತೆ. ಸಂಜೆ ರುದ್ರಪ್ಪನವರೇ ಇದನ್ನು ನಗುತ್ತಾ ನನಗೆ ಹೇಳಿದರು. ಬೈಸಿಕೊಂಡವರು ನಮ್ಮ ಬೀಗರೆಂದು ತಿಳಿದರೂ ನಾನು ಬಾಯಿಬಿಡಲಿಲ್ಲ. ನಾನೂ ನಕ್ಕೆ.

ಮಾರನೆಯ ದಿನ ನೀನು ಫೋನ್ ಮಾಡಿದೆ. "ಅಣ್ಣಾ, ರುದ್ರಪ್ಪರ ತೋಟನ ನಮ್ದು ಅಂತ ತೋರಿಸಿದ್ಯಾ?"

"ಇಲ್ಲ ಕಣವ್ವ, ನಮ್ಮ ಹೊಲ ತೋರಿಸಿದ್ದೆ. ವಯಸ್ಸಾತಲ್ಲ, ಅವ್ರಿಗೆ ಮರೆವು ಶುರುವಾಗಿರ್ಬೇಕು."

ನೀನು ನನ್ನನ್ನು ನಂಬಿದೆ. ಭಾವನವರು ತಂದೆಯನ್ನು ಡಾಕ್ಟರ ಬಳಿ ಕರೆದೊಯ್ದರು. ಸ್ಕೂಟರಿನ ಕೀ ಎತ್ತಿಟ್ಟರು. ಪೇಟೆಗೆ ಒಬ್ಬರೇ ಹೋಗುವುದು ನಿಂತಿತು.

ಮಗುವಿನ ನಾಮಕರಣದ ದಿನ ನಿನ್ನ ಮಾವನವರು ನನ್ನ ಪಕ್ಕ ಬಂದು ಕುಳಿತು ಮೆಲ್ಲಗೆ ಕೇಳಿದರು: "ಅವತ್ತು ತೋರಿಸಿದ್ದು ತೆಂಗಿನ್ ತೋಟನೇ ಅಲ್ವೇನ್ರಿ? ನಿಜ ಹೇಳ್ರಿ, ನಂಗೇನ್ ಬೇಜಾರಿಲ್ಲ."

ತಪ್ಪೊಪ್ಪಲು ಅವರೇ ಬಾಗಿಲು ತೆರೆದುಕೊಟ್ಟಿದ್ದರು. ಒಂದು 'ಹೌದು' ಸಾಕಿತ್ತು.

"ಇಲ್ರಿ, ರಾಗಿ ಹೊಲ" ಎಂದೆ.

"ಹಂಗಾರೆ ಮನೆಯೋರು ಹೇಳಾದು ಸರಿ ಐತೆ" ಎಂದು ಎದ್ದು ಹೋದರು.

ಈಗ ಅವರು ಪ್ರತಿ ಮಾತು ಆಡಿದ ಮೇಲೂ ನಿನ್ನ ಮುಖ ನೋಡುತ್ತಾರೆ — ತಾವು ಹೇಳಿದ್ದು ಸರಿಯೋ ತಪ್ಪೋ ಎಂದು. ಹೋದ ಸಲ ಬಂದಾಗ ಕಂಡೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಉಂಡದ್ದು ಮೈಗೆ ಹತ್ತುತ್ತಿಲ್ಲ — ಇರಲಿ, ನನ್ನ ಸಂಕಟ ಇಲ್ಲಿ ಯಾವ ಲೆಕ್ಕ.

ಭಾನುವಾರ ಬರುತ್ತೇನೆ. ಭಾವನವರೂ ಮನೆಯಲ್ಲಿರಲಿ. ನಿಮ್ಮೆಲ್ಲರ ಎದುರಿಗೇ ನಿನ್ನ ಮಾವನವರಿಗೆ ಇದನ್ನು ಹೇಳಬೇಕು. ಹೇಳಿ ಮುಗಿಸಿದ ಮೇಲೆ ಹೋಗೆಂದರೆ ಹೋಗುತ್ತೇನೆ.