ಕಣ್ಣೆದುರಿನ ಕೊಸರು

ಹೋದ ವರ್ಷ ಬೇಸಿಗೆಯಲ್ಲಿ ಆಫ್ರಿಕಾದ ಬೇರೆ ಬೇರೆ ದೇಶಗಳ ಮಹಿಳಾ ಉದ್ಯಮಿಗಳ ತಂಡವೊಂದು ಆಹಾರ ತಯಾರಿಕೆಯ ತರಬೇತಿಗೆಂದು ಮೈಸೂರಿಗೆ ಬಂದಿತ್ತು. ಅವರನ್ನು ಮಾತನಾಡಿಸಿ ಬರೆಯುವ ಕೆಲಸ ಪತ್ರಿಕೆಯಲ್ಲಿ ನನ್ನ ಪಾಲಿಗೆ ಬಂತು. ಘಾನಾದ ಒಬ್ಬರು ಅಲ್ಲಿಯ ಕಾಡುಮರದ ಬೀಜದಿಂದ ಬೆಣ್ಣೆ ತೆಗೆದು ಸೋಪು ಮಾಡುತ್ತಿದ್ದರು. ಇಥಿಯೋಪಿಯಾದವರು ಕಾಫಿ ಹುರಿದು ಮಾರುತ್ತಿದ್ದರು. ಮತ್ತೊಬ್ಬರು ಕೀನ್ಯಾದ ಪಶ್ಚಿಮ ಭಾಗದವರು. ನಲವತ್ತು ದಾಟಿದ್ದರು, ವ್ಯಾಪಾರಕ್ಕೆ ಇಳಿಯುವ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ನಿಮ್ಮದು ಏನು ವ್ಯಾಪಾರ ಎಂದು ಕೇಳಿದ್ದಕ್ಕೆ ಕೈಚೀಲದಿಂದ ಸಣ್ಣ ಪೊಟ್ಟಣವೊಂದನ್ನು ತೆಗೆದು ನನ್ನ ಅಂಗೈಗೆ ಸುರಿದರು. ನೋಡಿದರೆ ರಾಗಿ.

"ಇದನ್ನು ನೀವು ನೋಡಿರಲಿಕ್ಕಿಲ್ಲ" ಎಂದರು.

ನನಗೆ ನಗು ಬಂತು. ನಮ್ಮ ಮನೆಯವರು ಉಂಡು ಬೆಳೆದದ್ದು ಇದನ್ನೇ, ಮಾರಿ ಬದುಕಿದ್ದೂ ಇದನ್ನೇ ಎಂದೆ. ರಾಗಿ ಬಹಳ ಹಿಂದೆ ಅವರ ಕಡೆಯಿಂದಲೇ ನಮ್ಮ ಕಡೆಗೆ ಬಂದದ್ದೆಂದು ಎಲ್ಲೋ ಓದಿದ್ದನ್ನೂ ಹೇಳಿದೆ.

"ಹಾಗಾದರೆ ನಾವು ಕೊಟ್ಟ ಬೀಜವನ್ನು ನೀವು ಹೇಗೆ ನೋಡಿಕೊಂಡಿದ್ದೀರಿ ಎಂದು ಬಂದು ನೋಡಬೇಕಲ್ಲ!"

ನನ್ನ ವರದಿ ಕತ್ತರಿಸಿಕೊಂಡು ಮೂರನೇ ಒಂದು ಭಾಗವಾಗಿ ಒಳಪುಟದಲ್ಲಿ ಬಂತು. ಆ ಭಾನುವಾರವೇ ನಾನು ಅವರನ್ನು ನಂಜನಗೂಡಿಗೆ ಕರೆದುಕೊಂಡು ಹೋದೆ. ಅದರಲ್ಲಿ ಆತಿಥ್ಯಕ್ಕಿಂತ ನಮ್ಮ ಮನೆಯ ಅಗತ್ಯವೇ ಹೆಚ್ಚಾಗಿತ್ತು. ಅಲ್ಲಿ ನನ್ನ ತಂಗಿಯ ವ್ಯಾಪಾರ ನೆಲ ಕಚ್ಚುತ್ತಿತ್ತು.

ತಂಗಿ ಮಾಡುವುದು ರಾಗಿ ಹುರಿಹಿಟ್ಟು. ಅದು ನಮ್ಮಮ್ಮನ ಕಸುಬು. ನೆನೆಸಿದ ರಾಗಿಯನ್ನು ಕಾದ ಮರಳಿನಲ್ಲಿ ಅರಳಿಸಿ, ಜರಡಿ ಹಿಡಿದು, ಗಿರಣಿಯಲ್ಲಿ ಬೀಸಿಸಿ, ಚೀಲ ಹೊತ್ತು ಬಸ್ಸಿನಲ್ಲಿ ಟಿ. ನರಸೀಪುರದ ಸಂತೆಗೆ ಹೋಗುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ತಂಗಿ ಅದನ್ನು ಕೈಗೆತ್ತಿಕೊಂಡಳು. ಹುರಿಯುವ ಯಂತ್ರ ಬಂತು. ಮಹಿಳೆಯರಿಗೆಂದು ನಡೆದ ಒಂದು ತರಬೇತಿಗೂ ಹೋಗಿ ಬಂದಳು. ಬಿಡಿ ಮಾರಾಟದ ಕಾಲ ಮುಗಿಯಿತು, ಪ್ಯಾಕೆಟ್ ಮಾಡಿ ಎಂದು ಅಲ್ಲಿ ಹೇಳಿಕೊಟ್ಟರು. ಅವಳು ಸೀಲಿಂಗ್ ಮಷೀನ್ ತಂದಳು, ಬಣ್ಣದ ಲೇಬಲ್ ಹಾಕಿಸಿದಳು, ಬಿಡಿ ಮಾರುವುದನ್ನು ಪೂರ್ತಿ ನಿಲ್ಲಿಸಿದಳು. ಅಲ್ಲಿಂದಾಚೆ ಸಂತೆಯಲ್ಲಿ ಗಿರಾಕಿಗಳು ಕಡಿಮೆಯಾಗುತ್ತ ಹೋದರು. ಹಿಟ್ಟು ಅದೇ, ರುಚಿ ಅದೇ, ಬೆಲೆಯನ್ನೂ ಅವಳು ಏರಿಸಿರಲಿಲ್ಲ.

ತಂಗಿಯ ಗಂಡ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಷೀನ್ ಆಪರೇಟರ್. ಒಳ್ಳೆಯ ಮನುಷ್ಯ, ಲೆಕ್ಕಾಚಾರದವನು. ಅಲ್ಲಿಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಣೆಯ ಕೆಲಸವೊಂದು ಖಾಲಿಯಾಗುವುದಿತ್ತು. ಅದನ್ನು ಹೆಂಡತಿಗೆ ಮಾತಾಡಿ ಇಟ್ಟಿದ್ದ.

"ಅತ್ತಿಗೆ, ನೀವೇ ಹೇಳಿ" ಎಂದ ನನಗೆ. "ತಿಂಗಳ ಸಂಬಳ, ಹೋಗೋಕೆ ಬರೋಕೆ ಬಸ್ಸು. ಇಲ್ಲಿ ಹಗಲೆಲ್ಲ ಹೊಗೆ ಕುಡಿಯೋದು, ಸಂತೇಲಿ ನೊಣ ಓಡಿಸೋದು."

"ನಾನು ನೊಣ ಓಡಿಸಿದ್ದನ್ನ ನೀವ್ಯಾವಾಗ ಬಂದು ನೋಡಿದ್ರಿ?" ಎಂದಳು ತಂಗಿ. ಆದರೆ ಆ ಮಾತಿನಲ್ಲಿ ಹುರುಪಿರಲಿಲ್ಲ. ಆ ಕೆಲಸವನ್ನು ಬೇಡವೆಂದು ಹೇಳಲು ಅವಳಲ್ಲಿ ಕಾರಣ ಉಳಿದಿರಲಿಲ್ಲ. ಅದು ನನಗೂ ಕಾಣುತ್ತಿತ್ತು.

ಕೀನ್ಯಾದ ಹೆಂಗಸು ಮೊದಲು ಹುರಿಯುವುದನ್ನು ನೋಡಿದರು. ಬಿಸಿ ಹಿಟ್ಟನ್ನು ಬೆರಳಿನಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಪ್ಯಾಕೆಟ್ ಕೈಗೆತ್ತಿಕೊಂಡವರು ಜೋರಾಗಿ ನಗಲು ಶುರು ಮಾಡಿದರು. ಲೇಬಲ್ಲಿನ ಮೇಲೆ ದುಂಡು ಕೆನ್ನೆಯ ಮಗುವೊಂದು ನಗುತ್ತಿತ್ತು.

ಅವರ ಊರಿನಲ್ಲಿ ಬೆಳಗ್ಗೆ ರಾಗಿ ಗಂಜಿ ಕುಡಿಯುತ್ತಾರೆ. ಉಜಿ ಎಂದು ಅದರ ಹೆಸರು. ಇವರ ಹಿಟ್ಟಿನ ದೊಡ್ಡ ಗಿರಾಕಿಗಳು ಬಸ್ ನಿಲ್ದಾಣದ ಡ್ರೈವರುಗಳು, ಕಂಡಕ್ಟರುಗಳು. ಶುರುವಿನಲ್ಲಿ ಇವರೂ ಆಸೆಯಿಂದ ಪ್ಯಾಕೆಟ್ಟಿನ ಮೇಲೆ ಮಗುವಿನ ಚಿತ್ರ ಹಾಕಿಸಿದರು. ಮಾರನೆಯ ವಾರದಿಂದಲೇ ಡ್ರೈವರುಗಳು ಇವರ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗತೊಡಗಿದರು. ಕೊನೆಗೆ ಒಬ್ಬ ಕಾರಣ ಹೇಳಿದ: ಮಕ್ಕಳ ಹಿಟ್ಟು ಹಿಡಿದುಕೊಂಡು ಬಸ್ ಹತ್ತಿದರೆ ಗೆಳೆಯರು ತೊಟ್ಟಿಲು ಎಲ್ಲಿ ಅಂತ ಕೇಳುತ್ತಾರಮ್ಮ.

"ನಿನ್ನ ರೋಗವೂ ಇದೇ" ಎಂದರು ತಂಗಿಗೆ, ನಾನು ಕನ್ನಡಕ್ಕೆ ತಂದೆ. ತಂಗಿ ಆ ವಾರವೇ ಮಗುವನ್ನು ತೆಗೆಸಿ ರಾಗಿ ತೆನೆಯ ಚಿತ್ರ ಹಾಕಿಸಿದಳು.

ಏನೂ ಬದಲಾಗಲಿಲ್ಲ.

"ನಿನ್ನ ಕೀನ್ಯಾ ಮೇಡಮ್ಮಂಗೆ ಹೇಳಕ್ಕ" ಎಂದು ತಂಗಿ ಫೋನು ಮಾಡಿದಳು, "ಮಗೀಗೂ ಬರ್ಲಿಲ್ಲ, ತೆನೆಗೂ ಬರ್ಲಿಲ್ಲ ಅಂತ. ಇವ್ರು ಸೋಮವಾರದೊಳಗೆ ಒಂದು ಮಾತು ಹೇಳು ಅಂತಾವ್ರೆ. ನಾನು ಹೂಂ ಅಂದ್ಬಿಡ್ತೀನಿ."

ಹೇಳಿದೆ. ಅವರು "ನನ್ನ ತಪ್ಪನ್ನೇ ಅವಳ ತಪ್ಪು ಅಂದುಕೊಂಡೆ" ಎಂದರು. "ಅವಳು ಮಾಡುವ ಜಾಗ ನೋಡಿದೆ, ಮಾರುವ ಜಾಗ ನೋಡಲೇ ಇಲ್ಲ. ಸೋಮವಾರದ ಮುಂಚೆ ಸಂತೆ ಇದೆಯಾ?"

ಇತ್ತು. ನಾನು ರಜೆ ಹಾಕಿದೆ.

ನಂಜನಗೂಡಿನಿಂದ ಮೂವರೂ ಬಸ್ ಹತ್ತಿದೆವು. ಚೀಲಗಳಿಗೆ ಟಿಕೆಟ್ ಹರಿಯುತ್ತ ಕಂಡಕ್ಟರ್ "ಮೇಡಂ ಯಾವೂರು?" ಎಂದು ತಂಗಿಯನ್ನು ಕೇಳಿದ. "ನಮ್ಮೋರೇ, ರಾಗಿಯೋರು" ಎಂದಳು. ಅವನು ನಕ್ಕು ಮುಂದಿನ ಸೀಟಿಗೆ ಹೋದ. ಸುತ್ತೂರಿನ ಕಡೆ ಹತ್ತಿದ ಶಾಲೆಯ ಹುಡುಗಿಯರು ಮಾತ್ರ ಇಳಿಯುವತನಕ ಕೀನ್ಯಾದವರ ಜಡೆಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಸಂತೆಯಲ್ಲಿ ತಂಗಿಯ ಜಾಗ ಒಂದು ಸೈಕಲ್ ರಿಪೇರಿ ಅಂಗಡಿಯ ಪಕ್ಕ. ಟಾರ್ಪಾಲಿನ್ ಹಾಸಿ ಪ್ಯಾಕೆಟ್ಟುಗಳನ್ನು ಜೋಡಿಸಿದಳು. ಕೀನ್ಯಾದವರು ಹಿಂದೆ ಒಂದು ಖಾಲಿ ಟೊಮೇಟೊ ಕ್ರೇಟನ್ನು ಬೋರಲು ಹಾಕಿ ಕೂತರು. ಬೆಳಗ್ಗೆಯಿಂದ ಬಿಸಿಲು ನೆತ್ತಿಗೆ ಬರುವತನಕ ಬಂದು ಹೋಗುವವರನ್ನೇ ನೋಡಿದರು. ಬಂದವರು ಕಡಿಮೆ. ಬಂದವರು ಒಂದು ಪ್ಯಾಕೆಟ್ ಕೊಂಡು ಹೋಗುತ್ತಿದ್ದರು. ಒಬ್ಬ ಅಜ್ಜಿ ಪ್ಯಾಕೆಟ್ ಎತ್ತಿ, ತಿರುಗಿಸಿ, ಇದ್ದಲ್ಲೇ ಇಟ್ಟು ಹೋದಳು. ವರದಿಗಾರಳಾಗಿ ನಾನೂ ನೋಡುತ್ತಲೇ ಇದ್ದೆ. ನನಗೇನೂ ಕಾಣಲಿಲ್ಲ.

ಮಧ್ಯಾಹ್ನ ಅವರು ನನ್ನ ಭುಜ ಮುಟ್ಟಿದರು. "ಚೀಲಗಳನ್ನು ನೋಡು" ಎಂದರು. "ಪ್ಯಾಕೆಟ್ ಒಳಗೆ ಬಿದ್ದ ಮೇಲೂ ಚೀಲದ ಬಾಯಿ ತೆರೆದೇ ಇರುತ್ತದೆ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮುಚ್ಚುತ್ತಾರೆ. ಎಲ್ಲರೂ. ಅವರು ಯಾವುದಕ್ಕೆ ಕಾಯುತ್ತಿದ್ದಾರೆ?"

ಮುಂದಿನ ಗಿರಾಕಿ ಬಂದಾಗ ನೋಡಿದೆ. ಹಸಿರು ವೈರಿನ ಬುಟ್ಟಿ ಹಿಡಿದ ನಡುವಯಸ್ಸಿನ ಹೆಂಗಸು. ಪ್ಯಾಕೆಟ್ ಬುಟ್ಟಿಗೆ ಬಿತ್ತು. ಅವಳು ಬುಟ್ಟಿಯನ್ನು ಇನ್ನಷ್ಟು ಮುಂದಕ್ಕೆ ಹಿಡಿದೇ ನಿಂತಳು. ತಂಗಿ ಚಿಲ್ಲರೆ ಕೊಟ್ಟಳು. ಹೆಂಗಸು ತಂಗಿಯ ಮುಖ ನೋಡಿ, ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡು ಹೋದಳು.

ಆಗ ಹೊಳೆಯಿತು. ಕೊಸರು. ಅಳತೆ ಮುಗಿದ ಮೇಲೆ ವ್ಯಾಪಾರಿ ತನ್ನ ಕೈಯಿಂದ ಹಾಕುವ ಮೇಲಿನ ಒಂದು ಹಿಡಿ. ಅಮ್ಮ ಅದಿಲ್ಲದೆ ಯಾರನ್ನೂ ಕಳಿಸಿದವಳಲ್ಲ. ನಾನು ವಿವರಿಸುವ ಮುಂಚೆಯೇ ಅವರು ತಲೆಯಾಡಿಸುತ್ತಿದ್ದರು. ಅವರ ಮಾರುಕಟ್ಟೆಗಳಲ್ಲೂ ಹೆಂಗಸರು ಕೇಳಿ ಹಾಕಿಸಿಕೊಳ್ಳುವ ಪದ್ಧತಿಯಂತೆ ಅದು.

"ಕೊಸರು ಯಾಕೆ ನಿಲ್ಲಿಸಿದೆ?" ಎಂದು ತಂಗಿಯನ್ನು ಕೇಳಿದೆ.

ಅವಳಿಗೆ ರೇಗಿತು. "ಯಾರು ನಿಲ್ಲಿಸಿದ್ದು? ಅಮ್ಮನ ಮಗಳಲ್ವಾ ನಾನು? ಒಂದೊಂದು ಪ್ಯಾಕೆಟ್ಟಿಗೂ ಒಂದು ಹಿಡಿ ಮೇಲೆ ಹಾಕೇ ಸೀಲ್ ಮಾಡೋದು. ಬೇಕಾದ್ರೆ ತೂಕ ಹಾಕ್ಸು!"

ಎದುರಿನ ಬೆಲ್ಲದ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ. ನಿಜ. ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಧಾರಾಳವಾಗಿಯೇ ಹೆಚ್ಚಿತ್ತು. ಇಷ್ಟು ದಿನವೂ ಅವಳು ಕೊಸರು ಕೊಡುತ್ತಲೇ ಇದ್ದಳು. ನಂಜನಗೂಡಿನ ಹಿಂದಿನ ಕೋಣೆಯಲ್ಲಿ, ಯಾರೂ ನೋಡದ ಹಾಗೆ ಕೊಟ್ಟು, ಮೇಲೆ ಸೀಲ್ ಹಾಕುತ್ತಿದ್ದಳು.

ಇದನ್ನು ಇಂಗ್ಲಿಷಿಗೆ ತಂದಾಗ ಕೀನ್ಯಾದವರು ಹಣೆ ಹಿಡಿದುಕೊಂಡರು. ಆಮೇಲೆ ತಂಗಿಯ ಕೈ ಹಿಡಿದರು. "ಕಾಣದಿದ್ದರೆ ಅದು ಬರೀ ನಷ್ಟ" ಎಂದರು. ತಾವು ಮಾಡಿದ್ದನ್ನೂ ಹೇಳಿದರು: ಪ್ಯಾಕೆಟ್ಟುಗಳ ಪಕ್ಕ ತೆರೆದ ಬೋಗುಣಿಯಲ್ಲಿ ಹಿಟ್ಟಿಟ್ಟು, ಕೊಂಡವರ ಕೈಗೆ ಒಂದು ಚಮಚ ಹಾಕುತ್ತಾರಂತೆ.

ತಂಗಿ ಒಪ್ಪಲಿಲ್ಲ. "ಅಕ್ಕ, ಬೇರೆ ಪಾತ್ರೆಯಿಂದ ಕೊಟ್ರೆ ಅದು ರುಚಿ ನೋಡೋಕೆ ಕೊಟ್ಟಂಗೆ. ಕೊಸರಲ್ಲ. ಕೊಸರು ಅಂದ್ರೆ ಅವ್ರು ತಗೊಂಡ ಹಿಟ್ಟಿನ ಮೇಲೇ ಬೀಳ್ಬೇಕು, ಅವ್ರ ಕಣ್ಣೆದುರಿಗೆ ಬೀಳ್ಬೇಕು. ಆಮೇಲೆ ಬಾಯಿ ಕಟ್ಬೇಕು. ಹೇಳು ಅವ್ರಿಗೆ."

ಹೇಳಿದೆ. ಅವರು ವಾದ ಮಾಡಿದರು, ಧೂಳು, ಹೊತ್ತು, ಗದ್ದಲ ಎಂದರು. ತಂಗಿ ಕತ್ತರಿ ಕೈಗೆತ್ತಿಕೊಂಡು ಒಂದು ಪ್ಯಾಕೆಟ್ಟಿನ ತುದಿ ಕತ್ತರಿಸಿಯೇ ಬಿಟ್ಟಳು. ಈಗ ಮುಚ್ಚುವುದು ಹೇಗೆ? ಮಷೀನು ಮನೆಯಲ್ಲಿತ್ತು. ಅದಕ್ಕೆ ದಾರಿ ಕೀನ್ಯಾದವರಿಗೆ ಗೊತ್ತಿತ್ತು. ವ್ಯಾಪಾರದ ಮೊದಲ ದಿನಗಳಲ್ಲಿ ಅವರು ಮೋಂಬತ್ತಿಯಿಂದಲೇ ಸೀಲ್ ಮಾಡುತ್ತಿದ್ದರಂತೆ. ನಾನು ಮೋಂಬತ್ತಿ ತಂದೆ. ಸೈಕಲ್ ಅಂಗಡಿಯವನು ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ಕೊಟ್ಟ. ಪ್ಯಾಕೆಟ್ಟಿನ ಬಾಯಿಯನ್ನು ಬ್ಲೇಡಿನ ಮೇಲೆ ಮಡಿಚಿ, ಹೊರಗುಳಿದ ಅಂಚನ್ನು ಉರಿಯ ಪಕ್ಕ ಎಳೆದರೆ ಅಂಟಿಕೊಳ್ಳುತ್ತದೆ. ಗಾಳಿಗೆ ದೀಪ ಆರದಂತೆ ನಾನು ಆ ದಿನದ ಪತ್ರಿಕೆಯನ್ನು ಅಡ್ಡ ಹಿಡಿದೆ. ನನ್ನ ವೃತ್ತಿಯಿಂದ ಆ ವ್ಯಾಪಾರಕ್ಕೆ ಆದ ಉಪಕಾರ ಅಷ್ಟೇ.

ತಂಗಿ ಒಂದು ಪ್ಯಾಕೆಟ್ಟಿನ ಹಿಟ್ಟನ್ನು ಬೋಗುಣಿಗೆ ಸುರಿದು ಕೊಸರಿಗೆ ಇಟ್ಟುಕೊಂಡಳು. ಬಂದ ಗಿರಾಕಿಯ ಮುಂದೆ ಪ್ಯಾಕೆಟ್ ಕತ್ತರಿಸಿ, ಒಂದು ಹಿಡಿ ಎತ್ತಿ ಮೇಲೆ ಹಾಕಿ, ಕೀನ್ಯಾದವರ ಕೈಗೆ ಕೊಟ್ಟು ಮುಚ್ಚಿಸುತ್ತಿದ್ದಳು. ಹುರಿದ ರಾಗಿಯ ವಾಸನೆ ಆ ಸಾಲಿಗೆಲ್ಲ ಹರಡಿತು. ಜನ ನಿಂತು ನೋಡಿದರು. ಮೋಂಬತ್ತಿ ಹಿಡಿದು ಕೂತ ವಿದೇಶಿ ಹೆಂಗಸನ್ನು ನೋಡಲು ನಿಂತವರೇ ಅರ್ಧ ಇರಬಹುದು. ಅದನ್ನು ಇಲ್ಲಿ ದಾಖಲಿಸಬೇಕು.

ಆದರೆ ಬೆಳಗ್ಗೆ ಪ್ಯಾಕೆಟ್ ಇಟ್ಟು ಹೋಗಿದ್ದ ಅಜ್ಜಿ ತಿರುಗಿ ಬಂದದ್ದು ವಿದೇಶಿ ಹೆಂಗಸಿಗಾಗಿ ಅಲ್ಲ. ಅವಳು ನೇರವಾಗಿ ತಂಗಿಯ ಮುಂದೆ ಕೂತಳು. ಕೊಸರು ಬಿದ್ದದ್ದನ್ನು ನೋಡಿ, "ಇಷ್ಟು ದಿನ ನಿನ್ ಕೈಗೇನು ಬೇಡಿ ಆಕಿದ್ರೇನವ್ವ?" ಎಂದಳು. "ಆದ್ರೂ ನಿಮ್ಮವ್ವ ತುಂಬು ಇಡಿ ಆಕೋಳು. ನಿಂದು ಅರೆ ಇಡಿ."

"ಅಮ್ಮನ ಕೈ ದೊಡ್ಡದು ಕಣಜ್ಜಿ. ನಂದು ಇರೋದೇ ಇಷ್ಟು."

"ಅಂಗಾದ್ರೆ ಎರಡು ಸಲ ಆಕು."

ತಂಗಿ ನಗುತ್ತ ಇನ್ನೊಂದು ಹಿಡಿ ಹಾಕಿದಳು. ಅಜ್ಜಿ ಇನ್ನೊಂದು ಪ್ಯಾಕೆಟ್ಟನ್ನೂ ತೆಗೆದುಕೊಂಡು, ಸೊಸೆಗೂ ಹೇಳುತ್ತೇನೆಂದು ಎದ್ದಳು. ಕೀನ್ಯಾದವರು ಇದನ್ನೆಲ್ಲ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದರು. ಮಾತು ಏನೆಂದು ನನ್ನನ್ನು ಕೇಳಲಿಲ್ಲ. "ಊರಿಗೆ ಹೋಗಿ ಬೋಗುಣಿ ಚಮಚ ತೆಗೆಯುತ್ತೇನೆ" ಎಂದರು. "ಇವಳು ಹೇಳಿದ್ದು ಸರಿ. ನನ್ನ ಗಿರಾಕಿಗಳು ಆ ಚಮಚವನ್ನು ತಿಂದು ಮರೆಯುತ್ತಾರೆ."

ಸಂಜೆಗೆ ತಂದದ್ದರಲ್ಲಿ ಸ್ವಲ್ಪವೇ ಉಳಿದಿತ್ತು. ಒಂದು ದಿನದ ವ್ಯಾಪಾರದಿಂದ ಏನನ್ನೂ ತೀರ್ಮಾನಿಸಲಾಗದು ಎಂದು ನಾನು ತಂಗಿಗೆ ಹೇಳಿದೆ. ಇಷ್ಟರ ಆಧಾರದ ಮೇಲೆ ನಾನಾದರೆ ಸುದ್ದಿ ಬರೆಯುವುದಿಲ್ಲ ಎಂದೆ.

"ನೀನು ಬರೀಬೇಡ ಬಿಡಕ್ಕ. ಯಾಕೆ ಬರ್ತಿಲ್ಲ ಅಂತ ಗೊತ್ತಿಲ್ದೆ ಇದ್ದಾಗ ಭಯ ಆಗ್ತಿತ್ತು. ಈಗ ಗೊತ್ತಾಯ್ತಲ್ಲ. ಇನ್ಮೇಲೆ ಮನೇಲಿ ಸರಿಯಾದ ತೂಕ, ಇಲ್ಲಿ ಕೊಸರು. ಸೈಕಲ್ ಅಂಗಡಿಯೋರು ಕರೆಂಟ್ ಕೊಡ್ತೀನಿ ಅಂದವ್ರೆ, ಮಷೀನು ಇಲ್ಲಿಗೇ ತರ್ತೀನಿ."

ಖಾಲಿ ಚೀಲಗಳನ್ನು ಒಯ್ಯಲು ಅವಳ ಗಂಡ ಸ್ಕೂಟರಿನಲ್ಲಿ ಬಂದ. ಕೊನೆಯ ಗಿರಾಕಿ ಇನ್ನೂ ನಿಂತಿದ್ದ. ಕೀನ್ಯಾದವರು ಬ್ಲೇಡನ್ನು ತಂಗಿಯ ಗಂಡನ ಕೈಗೆ ಕೊಟ್ಟರು. ಅವನು ಒಂದು ಕ್ಷಣ ನೋಡಿ, ಕುಕ್ಕರಗಾಲಿನಲ್ಲಿ ಕೂತು, ಪ್ಯಾಕೆಟ್ಟಿನ ಬಾಯಿಯನ್ನು ಮಡಿಚಿ, ನಮ್ಮೆಲ್ಲರಿಗಿಂತ ನೇರವಾಗಿ ಎಳೆದ. ಮಷೀನಿನ ಕೆಲಸದವನ ಕೈ. ಗಿರಾಕಿ ಹೋದ ಮೇಲೆ ತಲೆಯೆತ್ತದೆ ಕೇಳಿದ: "ಹಂಗಾರೆ ಸೋಮವಾರ ನಾನು ಕ್ಯಾಂಟೀನೋರಿಗೆ ಏನ್ ಹೇಳ್ಲಿ?"

"ಸೋಮವಾರ ನಂಗೆ ಬಿಡುವಿಲ್ಲ ಅಂತ ಹೇಳಿ" ಎಂದಳು ತಂಗಿ, ಟಾರ್ಪಾಲಿನ್ ಕೊಡವುತ್ತ. "ಹೆಮ್ಮರಗಾಲಕ್ಕೆ ಹೋಗ್ಬೇಕು, ರಾಗಿ ನೋಡೋಕೆ. ಇರೋ ರಾಗಿ ಮುಂದಿನ ಸಂತೆಗೆ ಸಾಲಲ್ಲ."

"ಅಷ್ಟು ದೂರ ಬಸ್ಸಲ್ಲಿ ಮೂಟೆ ತರ್ತೀಯಾ?"

"ನಿಮ್ದು ಸೋಮವಾರ ಎರಡನೇ ಪಾಳಿ ಅಲ್ವಾ?"

ಅವನು ಮೋಂಬತ್ತಿ ಊದಿ ಆರಿಸಿ, ಖಾಲಿ ಚೀಲಗಳನ್ನು ಸ್ಕೂಟರಿಗೆ ಕಟ್ಟಿದ. ಹಗ್ಗ ಬಿಗಿಯುತ್ತ, ಬೆಳಗ್ಗೆ ಬೇಗ ಹೊರಟರೆ ಪಾಳಿಗೆ ಮುಂಚೆ ವಾಪಸ್ ಬರಬಹುದು ಎಂದ.