ಹೊಗೆಯಿಲ್ಲದ ಗಾಡಿಯ ಮಾಸ್ತಪ್ಪ

೧೯೮೫ರಲ್ಲಿ ಸಾಗರದ ಊದಿನಕಡ್ಡಿ ಕಂಪನಿಯೊಂದು ಬ್ಯಾಟರಿ ವ್ಯಾನ್ ತರಿಸಿತು. ಹೊಗೆ ಮಾರಿ ಬದುಕುವವರಿಗೆ ಹೊಗೆಯಿಲ್ಲದ ಗಾಡಿ ಯಾಕೆ ಎಂದು ಪೇಟೆಯಲ್ಲಿ ನಗದವರಿಲ್ಲ. ಕಾರಣ ಮಾತ್ರ ಸರಳವಾಗಿತ್ತು. ಓಣಿಯ ಹೆಂಗಸರು ಹೊಸೆದ ಕಡ್ಡಿಗಳನ್ನು ಜಗಲಿಯ ಮೇಲೆ ಹರವಿ ಒಣಗಿಸುತ್ತಿದ್ದರು. ಮಾಲು ಒಯ್ಯಲು ಬಂದ ಡೀಸೆಲ್ ವ್ಯಾನು ಅಲ್ಲಿ ನಿಂತಷ್ಟು ಹೊತ್ತೂ ಗಂಧದ ಕಡ್ಡಿಗೆ ಡೀಸೆಲ್ ವಾಸನೆ ಹತ್ತುತ್ತಿತ್ತು. ಮದರಾಸಿನವರು ಎರಡು ಸಲ ಮಾಲು ವಾಪಸು ಕಳಿಸಿದ ಮೇಲೆ ಶಿವಮೊಗ್ಗದ ಹೆಡ್ಡಾಫೀಸಿಗೆ ಶುದ್ಧ ಗಾಳಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಶರಾವತಿಯ ಕರೆಂಟು ಹುಟ್ಟುವ ಕಾರ್ಗಲ್ಲು ಇಷ್ಟು ಹತ್ತಿರ ಇರುವಾಗ ಕರೆಂಟಿಗೇನು ಬರ ಎಂದೂ ಅವರು ನಂಬಿದ್ದರು.

ಬ್ಯಾಟರಿ ನೋಡಿಕೊಳ್ಳಲು ಹೇರಂಬನನ್ನು ಟೆಂಪರರಿಯಾಗಿ ಇಟ್ಟುಕೊಂಡರು. ಐಟಿಐಯನ್ನು ಎರಡನೇ ಸಲಕ್ಕೆ ದಾಟಿದವನು, ಮನೆಯ ಫ್ಯೂಸ್ ಕಟ್ಟುವಾಗ ಶಾಕ್ ಹೊಡೆಸಿಕೊಂಡವನು. ತನ್ನನ್ನು ಇಂಜಿನಿಯರ್ ಎಂದುಕೊಳ್ಳಲು ಇಷ್ಟು ಅರ್ಹತೆ ಧಾರಾಳವಾಯಿತೆಂದು ಅವನ ಎಣಿಕೆ.

ಗಾಡಿ ಓಡಿಸಲು ಬಂದವನು ಮಾಸ್ತಪ್ಪ, ಹೊಸನಗರದ ಕಡೆಯವನು. ಹತ್ತೊಂಬತ್ತು ವರ್ಷ ಕಂಪನಿಯ ಡೀಸೆಲ್ ಗಾಡಿಯಲ್ಲಿ ತೀರ್ಥಹಳ್ಳಿ ಲೈನು ತಿರುಗಿದ್ದ. ಎಂಜಿನ್ ಇದ್ದದ್ದು ಅವನ ಮಗ್ಗುಲಲ್ಲೇ. ತಗಡಿನ ಮುಚ್ಚಳದ ಸಂದಿನಿಂದ ಹೊಗೆಯೆಲ್ಲ ಒಳಕ್ಕೆ. ಈಗ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ಇನ್ನೊಂದು ವರ್ಷ ಡೀಸೆಲ್ ಗಾಡಿ ಹತ್ತಿದರೆ ತನ್ನ ಹತ್ತಿರ ಬರುವುದೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬ್ಯಾಟರಿ ಗಾಡಿ ಓಡುವವರೆಗೆ ಮಾಸ್ತಪ್ಪನಿಗೆ ಅನ್ನವೂ ಇತ್ತು, ಉಸಿರೂ ಇತ್ತು.

ಮೂರು ತಿಂಗಳಲ್ಲಿ ಅವನು ಮೂಟೆ ಎತ್ತುವಷ್ಟಾದ. ಗಾಡಿಗೆ ಸದ್ದಿಲ್ಲ, ಕಡ್ಡಿ ಹೊಸೆಯುವ ಹುಲಿಯಮ್ಮ ತಲೆ ಎತ್ತುವಷ್ಟರಲ್ಲಿ ಅಂಗಳದಲ್ಲಿರುತ್ತಿತ್ತು.

“ಕಳ್ಳನ ಹಂಗೆ ಬರ್ತೀಯಲ್ಲ ಮಾರಾಯ, ಒಂದ್ಸಲ ಕೆಮ್ಮಾದ್ರೂ ಕೆಮ್ಮು.”

“ಕೆಮ್ಮು ಆ ಡೀಸೆಲ್ ಗಾಡೀಲೇ ಬಿಟ್ ಬಂದೀನಿ ಹುಲಿಯಕ್ಕ. ಬೇಕಾದ್ರೆ ಹೋಗಿ ತಗಾ.”

ಆಷಾಢದ ಮಳೆಗೆ ಶಿವಮೊಗ್ಗದಿಂದ ಬರುವ ಡಿಸ್ಟಿಲ್ಡ್ ವಾಟರ್ ನಿಂತುಹೋಯಿತು. ವಾರಕ್ಕೊಮ್ಮೆ ಬ್ಯಾಟರಿಗೆ ನೀರು ತುಂಬಲೇಬೇಕು. ಮಳೆನೀರು ಆದೀತು ಎಂದು ಹೇರಂಬ ಎಲ್ಲೋ ಓದಿದ್ದ, ಅಷ್ಟು ಸರಿಯಾಗಿಯೇ ಓದಿದ್ದ. ಆದರೆ ಅವನು ಬೆಳೆದ ಮನೆಯಲ್ಲಿ ಶುದ್ಧವಾಗಿ ಉಳಿಯಬೇಕಾದ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಯಾರೂ ಹಿಡಿಯುತ್ತಿರಲಿಲ್ಲ. ಅಮ್ಮ ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ಹಂಡೆ ಕೊಟ್ಟಳು.

“ಇದ್ರಲ್ಲಿ ಎಷ್ಟು ದಿನ ಇಟ್ರೂ ಹಾಳಾಗ್ತಿಲ್ಲೆ, ತಗಂಡು ಹೋಗು ಮಾಣಿ.”

ಷೆಡ್ಡಿನಲ್ಲಿ ಹಂಡೆ ಕಂಡ ಮಾಸ್ತಪ್ಪ ಕೇಳಿದ, “ಭಟ್ರೇ, ಬ್ಯಾಟರಿಗೂ ಮಡಿ ಐತಾ?”

“ನಾವಿಬ್ರೂ ಕುಡಿಯೋ ನೀರಿಗಿಂತ ಶುದ್ಧ ಮಾಸ್ತಪ್ಪಣ್ಣ, ನೋಡ್ತಿರಿ.”

ಇಬ್ಬರೂ ನೋಡಿದರು. ಮಳೆ ಮುಗಿಯುವ ಹೊತ್ತಿಗೆ ಇಡೀ ರಾತ್ರಿ ಚಾರ್ಜ್ ಮಾಡಿದ ಗಾಡಿ ಮಧ್ಯಾಹ್ನ ಓಣಿಯ ಏರಿನಲ್ಲಿ ನಿಲ್ಲತೊಡಗಿತು. ಹುಲಿಯಮ್ಮನ ಕೇರಿಯವರೆಲ್ಲ ಸೇರಿ ತಳ್ಳಿದರು. ಕೊನೆಗೆ ಶಿವಮೊಗ್ಗದಿಂದ ಮೆಕ್ಯಾನಿಕ್ ಬಂದ. ಬ್ಯಾಟರಿಯ ಮುಚ್ಚಳ ಬಿಚ್ಚಿ ನೋಡಿದ, ಮೂಲೆಯ ಹಂಡೆ ನೋಡಿದ, ಆಮೇಲೆ ಹೇರಂಬನನ್ನು ನೋಡಿದ.

“ತಾಮ್ರದ ಅಂಶ ಸೇರಿದ್ರೆ ಬ್ಯಾಟರಿ ಕೂತಲ್ಲೇ ಖಾಲಿಯಾಗುತ್ತೆ. ನಿಮಗೆ ಕ್ಲಾಸಲ್ಲಿ ಹೇಳ್ಲಿಲ್ವಾ?”

ಹೇಳಿದ್ದರು. ಮೊದಲ ಸಲ ಅವನು ಫೇಲಾದದ್ದೇ ಆ ಪೇಪರಿನಲ್ಲಿ.

ಮ್ಯಾನೇಜರ್ ಮಂಜುನಾಥಪ್ಪ ಅಷ್ಟರಲ್ಲಿ ವರದಿ ಟೈಪ್ ಮಾಡಿಸಿಟ್ಟಿದ್ದರು. ಬ್ಯಾಟರಿ ವಾಹನ ಮಲೆನಾಡಿನ ಹವೆಗೆ ಒಗ್ಗುವುದಿಲ್ಲ, ವಾಪಸು ಕಳಿಸತಕ್ಕದ್ದು. ಕೆಳಗೆ ಹೇರಂಬನ ಸಹಿಗೆ ಜಾಗ.

“ಸಾರ್, ಹವೆ ಅಲ್ಲ. ತಪ್ಪು ನಂದು.”

“ಗೊತ್ತಯ್ಯ. ಅದನ್ನೇ ಬರೆದ್ರೆ ಹೆಡ್ಡಾಫೀಸಿನವ್ರು ಹೊಸ ಬ್ಯಾಟರಿ ಕಳಿಸಿದ್ರೂ ಕಳಿಸಿಯಾರು. ನಿನ್ನನ್ನ ಮನೆಗೆ ಕಳಿಸೋದಂತೂ ಖಾತ್ರಿ. ಹವೆ ಅಂತ ಬರೆದ್ರೆ ಯಾರ ಕೆಲಸವೂ ಹೋಗಲ್ಲ, ನಿನ್ನನ್ನ ಸ್ಟೋರಿಗೆ ಹಾಕ್ಕೋತೀನಿ.”

“ಮಾಸ್ತಪ್ಪಣ್ಣಂಗೆ?”

“ತೀರ್ಥಹಳ್ಳಿ ಲೈನಿನ ಗಾಡಿ ಇದೆಯಲ್ಲ.”

ಹೇರಂಬ ಮೇಜಿನ ಮೇಲೆಲ್ಲ ಕಣ್ಣಾಡಿಸಿದ. ತಾನು ಯೋಚನೆ ಮಾಡುತ್ತಿದ್ದೇನೆ ಎಂದುಕೊಂಡ; ನಿಜಕ್ಕೂ ಪೆನ್ನು ಹುಡುಕುತ್ತಿದ್ದ. ಸಹಿ ದುಂಡಗೆ ಬಂತು.

ಮರುದಿನ ಬೆಳಿಗ್ಗೆ ಮಾಸ್ತಪ್ಪ ಡೀಸೆಲ್ ವ್ಯಾನಿನಲ್ಲಿ ಕೂತಿದ್ದ. ಹೇರಂಬ ಬಾಗಿಲ ಬಳಿ ಹೋಗಿ ನಿಂತ.

“ಮಾಸ್ತಪ್ಪಣ್ಣ, ಆ ನೀರಿನ ವಿಷಯ…”

“ಗೊತ್ತು. ಮೆಕ್ಯಾನಿಕ್ ಹೋಗೋವಾಗ ಹೇಳಿದ.”

“ಮತ್ತೆ ನೀವು ಮ್ಯಾನೇಜರ್ ಹತ್ರ ಯಾಕೆ ಹೇಳ್ಲಿಲ್ಲ?”

ಮಾಸ್ತಪ್ಪ ಕನ್ನಡಿ ಸರಿಮಾಡಿಕೊಂಡ. “ನೀವೇ ಹೇಳ್ತೀರಿ ಅನ್ಕಂಡಿದ್ದೆ ಭಟ್ರೇ.”

ಎಂಜಿನ್ ಚಾಲೂ ಆಯಿತು. ಆ ಸದ್ದಿನಲ್ಲಿ ಏನು ಹೇಳಿದ್ದರೂ ಕೇಳಿಸುತ್ತಿರಲಿಲ್ಲ ಎಂದು ಹೇರಂಬ ಸಮಾಧಾನ ಮಾಡಿಕೊಂಡ.

ಶಿವರಾತ್ರಿಯವರೆಗೆ ಮಾಸ್ತಪ್ಪ ಗಾಡಿ ಓಡಿಸಿದ. ಆಮೇಲೆ ಆ ಲೈನಿಗೆ ಬೇರೆ ಡ್ರೈವರ್ ಬಂದ. ಹೇರಂಬನ ಕೆಲಸ ಅದೇ ತಿಂಗಳು ಪರ್ಮನೆಂಟ್ ಆಯಿತು.