ಹಗುರಾದ ಬಾಂಬು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮರಳಕ್ಕ ಎನ್ನುತ್ತಿದ್ದರು. ಕೆಲಸವೇ ಹಾಗಿತ್ತು. ಹಳೆಯ ಯುದ್ಧದಲ್ಲಿ ಸಿಡಿಯದೆ ಸಮುದ್ರದ ತಳ ಸೇರಿದ ಬಾಂಬುಗಳು ಹೂತುಹೋಗುತ್ತವೆಯೋ, ಉರುಳಿ ಬರುತ್ತವೆಯೋ ಎಂದು ಕಂಡುಹಿಡಿಯುವುದು. ಉದ್ದನೆಯ ಗಾಜಿನ ತೊಟ್ಟಿಯಲ್ಲಿ ಮರಳು ಹಾಸಿ, ನೀರು ತುಂಬಿಸಿ, ನಕಲಿ ಬಾಂಬುಗಳನ್ನಿಟ್ಟು ಯಂತ್ರದಿಂದ ಅಲೆ ಎಬ್ಬಿಸುತ್ತಿದ್ದಳು. ಕಂಡದ್ದನ್ನು ಕಂಪ್ಯೂಟರಿಗೆ ಉಣಿಸಿ ಆ ಬಾಂಬುಗಳು ಬಿದ್ದಿದ್ದ ಇಡೀ ಕೊಲ್ಲಿಯ ಲೆಕ್ಕ ಹಾಕುತ್ತಿದ್ದಳು. ಮನೆಗೆ ಹೋದರೂ ಚಪ್ಪಲಿಯಿಂದ ಮರಳು ಉದುರುತ್ತಿತ್ತು.

ಈ ಸಲದ ಫಲಿತಾಂಶ ಎಲ್ಲರಿಗೂ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತ್ತು. ನಕಲಿಗಳೆಲ್ಲ ಮರಳಿನೊಳಗೆ ಇಳಿದು ಕದಲದೆ ಕುಳಿತಿದ್ದವು. ಅಪಾಯವಿಲ್ಲ, ಸಮುದ್ರದಡಿ ಪೈಪು ಹಾಕಬಹುದು ಎಂದಾಯಿತು. ಪೈಪು ಹಾಕಲು ಇಳಿಯುವ ಮುಳುಗುಗಾರರಲ್ಲಿ ಅವಳ ತಮ್ಮನೂ ಒಬ್ಬ.

ಜಾಗ ನೋಡಿ ಬಂದ ತಮ್ಮ ಊಟಕ್ಕೆ ಕೂತವನೇ, "ಅಕ್ಕಾ, ಒಂದು ಬಾಂಬು ಕಾಲಿಗೆ ತಾಗ್ತು ಕಣೆ. ತುಕ್ಕು ತಿಂದು ಸವೆದು ಹೋಗಿದೆ. ಒಂದೇ ಕೈಲಿ ಎತ್ತಿ ಪಕ್ಕಕ್ಕಿಟ್ಟೆ" ಎಂದ.

"ಬುದ್ಧಿ ಇದೆಯೇನೋ ನಿಂಗೆ?" ಎಂದು ಅವಳು ಸೌಟು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಒಂದೇ ಕೈಲಿ! ನಕಲಿಗಳನ್ನು ಅವರು ಕಾರ್ಖಾನೆಯಿಂದ ಬಂದ ಹೊಸ ಬಾಂಬಿನ ತೂಕಕ್ಕೇ ಎರಕ ಹೊಯ್ದಿದ್ದರು. ಇಷ್ಟು ವರ್ಷ ಉಪ್ಪುನೀರು ಕಬ್ಬಿಣವನ್ನು ತಿಂದಿರುತ್ತದೆ ಎಂಬುದು ಅವಳೂ ಸೇರಿ ಯಾರ ತಲೆಗೂ ಹೊಳೆದಿರಲಿಲ್ಲ. ಭಾರದ್ದು ಹೂತುಕೊಳ್ಳುತ್ತದೆ, ಹಗುರಾದದ್ದು ಅಲೆಯ ಜೊತೆ ಹೊರಡುತ್ತದೆ.

ಹಗುರ ನಕಲಿಗಳನ್ನು ಮಾಡಿಸಿ, ಪ್ರಯೋಗಾಲಯದ ಮುಖ್ಯಸ್ಥರನ್ನು ಕರೆತಂದು ತೊಟ್ಟಿಯ ಮುಂದೆ ನಿಲ್ಲಿಸಿದಳು. ಅಲೆ ಏಳುತ್ತಿದ್ದಂತೆ ಅವು ಒಂದೊಂದಾಗಿ ಮರಳಿನಿಂದ ಎದ್ದು ಪೈಪಿನ ದಾರಿಗೇ ಉರುಳಿ ಬಂದವು.

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು. "ನೋಡಮ್ಮಾ, ತೊಟ್ಟಿ ಬೇರೆ, ಸಮುದ್ರ ಬೇರೆ. ವರದಿ ಹೋಗಿ ಆಗಿದೆ. ನಾಳೆ ಕೆಲಸ ಶುರು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಹೂತುಹೋದಾಗ ತೊಟ್ಟಿನೇ ಸಮುದ್ರ ಆಗಿತ್ತಲ್ಲ ಸಾರ್! ಉರುಳಿದ ಕೂಡ್ಲೆ ಬೇರೆ ಆಗೋಯ್ತಾ? ನಾಚಿಕೆ ಆಗಲ್ವಾ? ತಪ್ಪು ನಮ್ಮದು, ಇಳಿಯೋರು ಅವರು!"

ಅವರು ಮೀಟಿಂಗ್ ಇದೆ ಎಂದು ಮೆಲ್ಲಗೆ ಜಾರಿಕೊಂಡರು. ತಪ್ಪು ಯಾರಿಂದಲಾದರೂ ಆಗುತ್ತದೆ. ಅದು ಕಣ್ಣೆದುರೇ ಉರುಳಾಡುತ್ತಿರುವಾಗ ಬೆನ್ನು ತಿರುಗಿಸಿ ಹೋಗುವುದೆಂದರೆ! ಅವಳು ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದಳು.

"ನಾಳೆ ನೀರಿಗೆ ಕಾಲಿಡಬೇಡ. ನನ್ನಾಣೆ."

"ನಾನು ಬಿಟ್ರೆ ಇನ್ನೊಬ್ಬನ್ನ ಇಳಿಸ್ತಾರೆ ಅಕ್ಕಾ. ಅಷ್ಟೇ."

"ಹಾಗಾದ್ರೆ ಆ ಇನ್ನೊಬ್ಬನ ನಂಬರ್ ಕೊಡು" ಎಂದಳು. "ಎಲ್ಲರದ್ದೂ ಕೊಡು."